ಪಂಡಿತಾ ರಮಾಬಾಯಿ ಮತ್ತು ಬಾವಿಕಟ್ಟೆಯ ಯೇಸು

ಸೋಲಾಪುರದಿಂದ ಪುಣೆಗೆ ಹೋಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಅಂತ ಸಣ್ಣ ಸ್ಟೇಷನ್ ಬರತದ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರೋದು ಅಲ್ಲೇ. ಬ್ರಾಹ್ಮಣರ ಮನೆಯ ಹೆಣ್ಣುಮಗಳ ಕಥೆ ನಮ್ಮ ಸಂಘದ ಸಂಚಿಕೆಯಲ್ಲಿ ಯಾಕೆ ಅಂತ ಕೆಲವರು ಕೇಳಬಹುದು. ಸ್ವಲ್ಪ ಮುಂದ ಓದ್ರಿ.

ಅವರು ಹುಟ್ಟಿದ್ದು 1858ರಲ್ಲಿ, ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಪ್ರದಾಯ ಮೀರಿ ಹೆಂಡತಿಗೆ ಸಂಸ್ಕೃತ ಕಲಿಸಿದ್ದರು. ಮಗಳಿಗೂ ಆ ವಿದ್ಯೆ ಬಂತು. ಊರೂರು ತಿರುಗಿ ಪುರಾಣ ಹೇಳುವುದೇ ಮನೆಯವರ ಜೀವನ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಹೋದರು. ಉಳಿದ ಅಣ್ಣ-ತಂಗಿ ನಡೆದೂ ನಡೆದೂ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಆದರೆ ಧರ್ಮಶಾಸ್ತ್ರ ಓದಿದಷ್ಟೂ ಅವರಿಗೆ ಕಂಡಿದ್ದು ಬೇರೆ: ಎಷ್ಟೋ ವಿಷಯದಲ್ಲಿ ಜಗಳಾಡುವ ಆ ಗ್ರಂಥಗಳು ಹೆಂಗಸರನ್ನೂ ಶೂದ್ರರನ್ನೂ ಕೀಳು ಅನ್ನುವುದರಲ್ಲಿ ಮಾತ್ರ ಒಂದಾಗಿದ್ದವು.

1880ರಲ್ಲಿ, ಅಣ್ಣ ತೀರಿಕೊಂಡ ಮೇಲೆ, ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಅವರು ಶೂದ್ರರೆಂದು ಎಣಿಸಲ್ಪಟ್ಟವರು. ಸಿಲ್ಚರ್‌ನ ಮನೆಯಲ್ಲಿ ಲೂಕನ ಸುವಾರ್ತೆಯ ಒಂದು ಬಂಗಾಳಿ ಪುಸ್ತಿಕೆ ಸಿಕ್ಕಿತು. ಅದನ್ನು ಓದಿ ಆಸೆ ಹುಟ್ಟಿತು, ಗಂಡನಿಗೆ ಅದು ಸೇರಲಿಲ್ಲ. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡಾಗ ಮಗಳು ಮನೋರಮಾಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಮರುವರ್ಷ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರ ಜೊತೆ ಉಳಿದರು. ಅವರು ಲಂಡನ್ನಿನ ಫುಲ್ಹಾಮ್‌ನಲ್ಲಿ ಒಂದು ಆಶ್ರಮ ತೋರಿಸಿದರು. ಸಮಾಜ ಕೆಟ್ಟವರು ಅಂತ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇವರಿಗೆ ಈ ಬುದ್ಧಿ ಎಲ್ಲಿಂದ ಬಂತು ಅಂತ ರಮಾಬಾಯಿಗೆ ಆಶ್ಚರ್ಯ. ಉತ್ತರವಾಗಿ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ಓದಿದರು.

ಆ ಕಥೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಡುಮಧ್ಯಾಹ್ನ, ಬಾವಿ, ನೀರಿಗೆ ಒಬ್ಬಳೇ ಬಂದ ಸಮಾರ್ಯದ ಹೆಂಗಸು. ಯೆಹೂದ್ಯರು ಸಮಾರ್ಯದವರ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅಂಥವಳ ಹತ್ತಿರ ದಣಿದು ಕುಳಿತ ಯೇಸು ಕುಡಿಯಲು ನೀರು ಕೇಳುತ್ತಾನೆ. ನೀರು ಕೊಡುತ್ತೇನೆ ಅನ್ನಲಿಲ್ಲ ನೋಡ್ರಿ, ಮೊದಲು ಕೇಳಿದ. ಅವಳ ಕೈಯ ನೀರು. ಆಮೇಲೆ ದೇವರ ಆರಾಧನೆಗೆ ಈ ಬೆಟ್ಟವೂ ಬೇಕಿಲ್ಲ, ಯೆರೂಸಲೇಮೂ ಬೇಕಿಲ್ಲ ಅಂತ ಆ ದೊಡ್ಡ ಮಾತನ್ನು ಅವಳಿಗೇ ಹೇಳುತ್ತಾನೆ. ತಾನೇ ಮೆಸ್ಸೀಯ ಅಂತಲೂ ತಿಳಿಸುತ್ತಾನೆ. ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡುತ್ತಾಳೆ. ಯೇಸು ಯಾರು ಅನ್ನೋದು ರಮಾಬಾಯಿಗೆ ಗೊತ್ತಾದದ್ದು ಇಲ್ಲಿ.

1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನವಾಯಿತು. ಪುಣೆಯಲ್ಲಿ ದೊಡ್ಡ ಗದ್ದಲ. ಜೋತಿಬಾ ಫುಲೆಯವರು 1885ರ ‘ಸತ್ಸಾರ’ದಲ್ಲಿ ಅವರ ಪರ ನಿಂತರು. ಇತ್ತ ಸನ್ಯಾಸಿನಿಯರಿಗೂ ತಲೆನೋವೇ! ತ್ರಯೈಕ್ಯದ ಬೋಧನೆಯನ್ನು ಸಭೆ ಹೇಳಿತು ಅಂತ ಒಪ್ಪಲು ರಮಾಬಾಯಿ ತಯಾರಿರಲಿಲ್ಲ. ಬೈಬಲ್ಲಿನಲ್ಲಿ ತಾವೇ ಹುಡುಕಬೇಕು ಅಂದರು, ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಒಂದು ಶಾಸ್ತ್ರದ ಗುರುಗಳನ್ನು ಬಿಟ್ಟು ಇನ್ನೊಂದರ ಗುರುಗಳಿಗೆ ತಲೆಬಾಗಲಿಲ್ಲ. ನನಗೆ ಅವರಲ್ಲಿ ಬಹಳ ಇಷ್ಟವಾಗೋದು ಇದು.

ಒಂದು ಮಾತು ಮುಚ್ಚಿಡಬಾರದು. 1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನ ಮೇಲ್ಜಾತಿ ವಿಧವೆಯರಿಗಾಗಿ. ಅಲ್ಲಿ ಅಡುಗೆ-ಊಟದಲ್ಲಿ ಜಾತಿಯ ಕಟ್ಟಳೆ ನಡೆಯಲು ಬಿಟ್ಟಿದ್ದರು. ಬಾವಿಕಟ್ಟೆಯ ಪಾಠ ಪೂರ್ತಿ ಇಳಿಯೋಕೆ ಇನ್ನೊಂದು ಬರಗಾಲ ಬೇಕಾಯಿತು. 1896-97ರಲ್ಲಿ ತಾವೇ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಕೇಡಗಾಂವಿನಲ್ಲಿ ಎಲ್ಲ ಜಾತಿಯವರೂ ಸೇರಿದರು.

ಕೊನೆಯ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕೆಲಸ ಹಿಡಿದರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಪಂಡಿತರ ಮರಾಠಿಗಲ್ಲ, ಹಳ್ಳಿಯ ಹೆಂಗಸಿಗೆ ತಿಳಿಯುವ ಮರಾಠಿಗೆ. ಬೇಕೆಂದಿದ್ದರೆ ಸಂಸ್ಕೃತ ಸುರಿಯಬಹುದಿತ್ತು. ಅಚ್ಚಿನ ಕೆಲಸವನ್ನೂ ಮುಕ್ತಿಯ ಹೆಣ್ಣುಮಕ್ಕಳೇ ಮಾಡಿದರು. ಇದರ ನಡುವೆ 1912ರಲ್ಲಿ ನಮ್ಮ ಪಕ್ಕದ ಗುಲಬರ್ಗಾದಲ್ಲೂ ಒಂದು ಶಾಲೆ ಶುರುವಾಯಿತು. ಅದನ್ನು ಮನೋರಮಾ ನೋಡಿಕೊಂಡರು. 1921ರಲ್ಲಿ ಆ ಮಗಳೂ ತೀರಿಹೋದರು. ತಾಯಿ ಕೆಲಸ ನಿಲ್ಲಿಸಲಿಲ್ಲ, ಅನುವಾದ ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.