ಮದ್ರಾಸಿಗೆ ಹೊಸ ಗಣಿತ ತಂದ ಫ್ರೆಂಚ್ ಪಾದ್ರಿ ಮೇಷ್ಟ್ರು

ಚೆನ್ನೈನ ನುಂಗಂಬಾಕ್ಕಂ ಕಡೆ ಓಡಾಡುವ ಕನ್ನಡಿಗರಿಗೆ ಲೊಯೋಲಾ ಕಾಲೇಜು ಗೊತ್ತಿರದೇ ಇರದು. ಆದರೆ ಅಲ್ಲಿ ಸುಮಾರು ಮೂರು ದಶಕ ಗಣಿತ ಪಾಠ ಹೇಳಿದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಚಾರ್ಲ್ಸ್ ರಸೀನ್ ಅವರ ಹೆಸರು ಗಣಿತಜ್ಞರ ವಲಯದಾಚೆ ಅಷ್ಟಾಗಿ ಕೇಳಿಬರುವುದಿಲ್ಲ.

1897ರಲ್ಲಿ ಹುಟ್ಟಿದ ರಸೀನ್, ಪ್ಯಾರಿಸ್‌ನಲ್ಲಿ ಮಹಾ ಗಣಿತಜ್ಞ ಎಲೀ ಕಾರ್ತಾನ್ ಅವರ ಬಳಿ ಸಂಶೋಧನೆ ನಡೆಸಿ 1934ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ, ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತ. ಹಲವು ಕಾಯಗಳು ಒಂದನ್ನೊಂದು ಸೆಳೆಯುವಾಗ ಅವುಗಳ ಚಲನೆ ಹೇಗಿರುತ್ತದೆ ಎಂಬ ಹಳೆಯ ಪ್ರಶ್ನೆಯನ್ನು ಹೊಸ ಸಿದ್ಧಾಂತದೊಳಗೆ ಕೇಳಿದ ಪ್ರಬಂಧ ಅದು. ಆಂದ್ರೆ ವೇಲ್, ಆಂರಿ ಕಾರ್ತಾನ್ ಅವರಂಥ ತರುಣರು ಫ್ರಾನ್ಸಿನಲ್ಲಿ ಗಣಿತವನ್ನೇ ಬುಡದಿಂದ ಕಟ್ಟಲು ಹೊರಟಿದ್ದ ಕಾಲವೂ ಅದೇ. ರಸೀನ್‌ಗೆ ಇವರೆಲ್ಲ ಸ್ನೇಹಿತರು. 1937ರಲ್ಲಿ ಭಾರತಕ್ಕೆ ಬಂದವರು ಮೊದಲು ತಿರುಚಿರಾಪಳ್ಳಿಯಲ್ಲಿ ಕಲಿಸಿ, 1939ರಲ್ಲಿ ಲೊಯೋಲಾಕ್ಕೆ ಬಂದರು.

ಆಗ ಮದ್ರಾಸಿನ ಗಣಿತವೆಂದರೆ ಕೇಂಬ್ರಿಜ್ ಗಣಿತ. ಪ್ರೆಸಿಡೆನ್ಸಿ ಕಾಲೇಜಿನ ಆನಂದ ರಾವ್ ಸ್ವತಃ ಹಾರ್ಡಿಯ ಶಿಷ್ಯರು. ಅನಂತ ಶ್ರೇಣಿ, ಸಂಖ್ಯಾಶಾಸ್ತ್ರವಲ್ಲ, ಸಂಖ್ಯಾ ಸಿದ್ಧಾಂತ, ಇವೇ ಮುಖ್ಯ. ಅದರಲ್ಲಿ ತಪ್ಪೇನಿಲ್ಲ, ಗಟ್ಟಿ ಪರಂಪರೆಯೇ. ಆದರೆ ಟೊಪಾಲಜಿ, ಆಧುನಿಕ ಬೀಜಗಣಿತದ ಗಾಳಿ ಅಲ್ಲಿಗಿನ್ನೂ ಸರಿಯಾಗಿ ಬೀಸಿರಲಿಲ್ಲ.

ರಸೀನ್ ಆ ಕಿಟಕಿ ತೆರೆದರು. ಪರೀಕ್ಷೆಗೆ ತಕ್ಕಂತೆ ನೋಟ್ಸ್ ಬರೆಸುವ ಮೇಷ್ಟ್ರು ಅವರಾಗಿರಲಿಲ್ಲ. ಸಿಲಬಸ್ ಆಚೆ ಜಗತ್ತಿನಲ್ಲಿ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದರು. ಫ್ರೆಂಚ್ ಗಣಿತಜ್ಞರ ಹೊಚ್ಚಹೊಸ ಪುಸ್ತಕಗಳನ್ನು ಓದಲು ವಿದ್ಯಾರ್ಥಿಗಳನ್ನು ಹುರಿದುಂಬಿಸುತ್ತಿದ್ದರು. ಆನರ್ಸ್ ಓದುವ ಹುಡುಗನಿಗೆ ಇದು ತುಸು ಭಾರವೇ. ಆದರೆ ಹಸಿವಿದ್ದವರಿಗೆ ಹಬ್ಬ. ಬುದ್ಧಿವಂತ ಹುಡುಗರು ಐಎಎಸ್ ಕಡೆ ನೋಡುತ್ತಿದ್ದ ದಿನಗಳಲ್ಲಿ, ತಮ್ಮ ಒಳ್ಳೆಯ ಶಿಷ್ಯರನ್ನು ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹಾದಿಗೆ ಹಚ್ಚಿದರು.

ಹಾಗೆ 1953ರಲ್ಲಿ ಮುಂಬೈ ಸೇರಿದವರು ಸಿ.ಎಸ್. ಶೇಷಾದ್ರಿ ಮತ್ತು ಎಂ.ಎಸ್. ನರಸಿಂಹನ್. ಇಬ್ಬರೂ ಮುಂದೆ ಪ್ಯಾರಿಸ್‌ಗೂ ಹೋಗಿ ಬಂದರು. 1965ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಮೇಯ, ಟೊಪಾಲಜಿ ಮತ್ತು ಬೀಜಗಣಿತೀಯ ಜ್ಯಾಮಿತಿಯ ನಡುವೆ ಕಟ್ಟಿದ ಸೇತುವೆ. ಭೌತವಿಜ್ಞಾನಿಗಳೂ ಇಂದು ಅದನ್ನು ದಾಟುತ್ತಾರೆ. ಶೇಷಾದ್ರಿ ಚೆನ್ನೈನಲ್ಲಿ ಗಣಿತ ಸಂಸ್ಥೆಯನ್ನೇ ಕಟ್ಟಿದರು. ನರಸಿಂಹನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ.

ಇನ್ನೊಬ್ಬ ಶಿಷ್ಯ ಸಿ.ಪಿ. ರಾಮಾನುಜಂ. ಬೀಜಗಣಿತೀಯ ಜ್ಯಾಮಿತಿಯಲ್ಲಿ ಅಂಥ ಪ್ರತಿಭೆ ಅಪರೂಪ. ಮಾನಸಿಕ ಅನಾರೋಗ್ಯದಿಂದ ನರಳಿದ ಅವರು 1974ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 36.

ರಸೀನ್ ಸ್ವಂತ ಹೆಸರಿನಲ್ಲಿ ಭಾರತದಲ್ಲಿ ಬರೆದ ಸಂಶೋಧನೆ ಹೆಚ್ಚೇನಿಲ್ಲ. ಪ್ಯಾರಿಸ್‌ನಲ್ಲೇ ಉಳಿದಿದ್ದರೆ ಬರೆಯುತ್ತಿದ್ದರೇನೋ. 1967ರಲ್ಲಿ ನಿವೃತ್ತರಾದ ಅವರು 1976ರಲ್ಲಿ ನಿಧನರಾದರು, ರಾಮಾನುಜಂ ಅಗಲಿದ ಎರಡು ವರ್ಷಕ್ಕೆ.