ಡಾ. ಎಂ.ವಿ. ಗೋವಿಂದಸ್ವಾಮಿ: ಮೆದುಳಿನ ಪಾಠಕ್ಕೊಂದು ಜೀವನ

ಹತ್ತನೇ ತರಗತಿಯಲ್ಲಿ ಮೆದುಳಿನ ಪಾಠ ಬಂದಾಗ ಚಿತ್ರ ಬರೆಸಿ, ಭಾಗಗಳ ಹೆಸರು ಹೇಳಿಸಿ ಮುಗಿಸುವುದು ರೂಢಿ. ಮುಮ್ಮೆದುಳು ಯೋಚನೆಯ ಕೇಂದ್ರ ಎಂಬ ಒಂದು ವಾಕ್ಯ ಮಕ್ಕಳ ನೋಟ್ಸಿನಲ್ಲಿ ಉಳಿಯುತ್ತದೆ. ಅದು ಹೇಗೆ ಗೊತ್ತಾಯಿತು, ಗೊತ್ತಾದದ್ದರಿಂದ ರೋಗಿಗಳ ಬದುಕಿನಲ್ಲಿ ಏನಾಯಿತು ಎಂಬುದನ್ನು ಹೇಳಲು ನನಗೆ ಅನುಕೂಲವಾಗಿ ಕಂಡದ್ದು ಡಾ. ಎಂ.ವಿ. ಗೋವಿಂದಸ್ವಾಮಿಯವರ ಜೀವನ. ಮಲಪನಗುಡಿಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಇದನ್ನೇ ಪೂರಕ ಮಾಹಿತಿಯಾಗಿ ಬಳಸಿದೆ.

ಗೋವಿಂದಸ್ವಾಮಿಯವರು ಹುಟ್ಟಿದ್ದು 1904ರಲ್ಲಿ, ತೀರಿಕೊಂಡದ್ದು 1961ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದು, ಆಕಾಶವಾಣಿಯ ಮೂಲಕ ಹೆಸರಾದ ಎಂ.ವಿ. ಗೋಪಾಲಸ್ವಾಮಿಯವರು ಬೇರೆ, ಪ್ರಶಿಕ್ಷಣಾರ್ಥಿಗಳು ಈ ಎರಡು ಹೆಸರುಗಳನ್ನು ಬೆರೆಸಬಾರದು. ಗೋವಿಂದಸ್ವಾಮಿಯವರು ವೈದ್ಯರು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡಿತ್ತು. ಡಾ. ಫ್ರಾಂಕ್ ನೊರೊನ್ಹಾ ಅವರ ನಂತರ ಅದರ ಹೊಣೆ ಇವರ ಹೆಗಲಿಗೆ ಬಂತು. ತೀವ್ರ ಮನೋರೋಗಕ್ಕೆ ನೆಚ್ಚಬಹುದಾದ ಔಷಧ ಜಗತ್ತಿನಲ್ಲೇ ಇರದ ಕಾಲ ಅದು. ರೋಗಿಗಳು ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿಯುತ್ತಿದ್ದರು.

ಇಲ್ಲಿ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಬೇಕು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಫುಲ್ಟನ್ ಮತ್ತು ಕಾರ್ಲೈಲ್ ಜೇಕಬ್ಸನ್ ಎಂಬ ವಿಜ್ಞಾನಿಗಳು ಬೆಕಿ, ಲೂಸಿ ಎಂಬ ಎರಡು ಚಿಂಪಾಂಜಿಗಳನ್ನು ಪರೀಕ್ಷಿಸುತ್ತಿದ್ದರು. ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ತಿಂಡಿ ಇಟ್ಟು, ಪರದೆ ಇಳಿಸಿ, ಸ್ವಲ್ಪ ಸಮಯದ ನಂತರ ಆರಿಸಲು ಬಿಡುವುದು ಪರೀಕ್ಷೆ. ಹಣೆಯ ಹಿಂದಿನ ಮೆದುಳಿನ ಭಾಗವನ್ನು ಎರಡೂ ಬದಿ ತೆಗೆದ ಮೇಲೆ ಅವು ತಿಂಡಿ ಎಲ್ಲಿದೆ ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಸೋತವು. ಮೊದಲು ತಪ್ಪಾದಾಗಲೆಲ್ಲ ರೇಗುತ್ತಿದ್ದ ಬೆಕಿ ಈಗ ಸುಮ್ಮನಾಯಿತು. ಶಾಂತವಾಗಿದ್ದ ಲೂಸಿ ಮಾತ್ರ ರೇಗಲು ತೊಡಗಿತು.

1935ರಲ್ಲಿ ಲಂಡನ್ನಿನ ನರವಿಜ್ಞಾನ ಸಮ್ಮೇಳನದಲ್ಲಿ ಈ ಪ್ರಯೋಗ ಮಂಡನೆಯಾಯಿತು. ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಆ ಸಮ್ಮೇಳನದಲ್ಲಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಅವರ ಮಾರ್ಗದರ್ಶನದಲ್ಲಿ ಮನೋರೋಗಿಗಳ ಮೆದುಳಿನ ಶಸ್ತ್ರಚಿಕಿತ್ಸೆ ಲಿಸ್ಬನ್ನಿನಲ್ಲಿ ಆರಂಭವಾಯಿತು. ಆ ಯೋಚನೆ ಅವರಿಗೆ ಚಿಂಪಾಂಜಿಗಳಿಂದಲೇ ಬಂತೇ, ಮೊದಲೇ ಇತ್ತೇ ಎಂಬ ಚರ್ಚೆ ಇನ್ನೂ ಇದೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಸುಮ್ಮನಾದ ಬೆಕಿ; ಲೂಸಿಯನ್ನು ಹೆಚ್ಚಿನವರು ಮರೆತರು.

ಆ ಶಸ್ತ್ರಚಿಕಿತ್ಸೆ ಬೆಂಗಳೂರಿಗೂ ಬಂತು. 1940ರ ದಶಕದ ಮೊದಲ ವರ್ಷಗಳಲ್ಲಿ ಗೋವಿಂದಸ್ವಾಮಿಯವರು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣರಾವ್ ಅವರೊಡನೆ ಅದನ್ನು ಕೈಗೊಂಡರು. ಭಾರತೀಯ ರೋಗಿಗಳ ಮೇಲಿನ ಅವರ ವರದಿ 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಆ ಚಿಕಿತ್ಸೆಯನ್ನು ಯಾರೂ ಸಮರ್ಥಿಸುವುದಿಲ್ಲ. 1949ರಲ್ಲಿ ಮೊನಿಜ್ ಅವರಿಗೆ ನೊಬೆಲ್ ಬಂತು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಔಷಧದ ಬಳಕೆ ಶುರುವಾದ ಮೇಲೆ ಆ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಗೋವಿಂದಸ್ವಾಮಿಯವರನ್ನು ದೇವರಂತೆಯೋ ದೋಷಿಯಂತೆಯೋ ಚಿತ್ರಿಸದೆ, ಅವರ ಕೈಯಲ್ಲಿ ಆಗ ಏನಿತ್ತು, ಏನಿರಲಿಲ್ಲ ಎಂಬುದನ್ನು ಮಕ್ಕಳ ಮುಂದಿಡುವುದು ಮೇಲು.

ಅವರ ಉಳಿದ ಬದುಕನ್ನೂ ಹೇಳಬೇಕು. ಮನೋವೈದ್ಯರನ್ನು ನಮ್ಮ ದೇಶದಲ್ಲೇ ತಯಾರು ಮಾಡಬೇಕೆಂಬ ಉದ್ದೇಶದಿಂದ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ವೈದ್ಯರ ಜೊತೆಗೆ ಮನಃಶಾಸ್ತ್ರಜ್ಞರಿಗೂ ದಾದಿಯರಿಗೂ ಅಲ್ಲಿ ತರಬೇತಿ ದೊರೆಯಿತು. ಮೆದುಳಿನ ಅಧ್ಯಯನದ ಜೊತೆಗೆ ಭಾರತೀಯ ತತ್ತ್ವಶಾಸ್ತ್ರ, ಆಯುರ್ವೇದಗಳಲ್ಲೂ ಅವರಿಗೆ ಆಸಕ್ತಿಯಿತ್ತು. ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ನಮ್ಮ ಸೀಮೆಗೂ ಇದರ ನಂಟಿದೆ. ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1980ರ ದಶಕದಲ್ಲಿ, ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿತು. ಬಳ್ಳಾರಿ ಮಾದರಿಯನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಜಿಲ್ಲೆಗಳಲ್ಲಿ ಆರಂಭವಾಯಿತು.

ತರಗತಿಗೆ ಒಂದು ಚಟುವಟಿಕೆ ಹೀಗೆ ಮಾಡಬಹುದು. ಎರಡು ಲೋಟಗಳಲ್ಲಿ ಒಂದರ ಕೆಳಗೆ ಹುಣಸೆಬೀಜ ಇಟ್ಟು ಟವೆಲ್ ಮುಚ್ಚಿ, ಒಂದು ಲೆಕ್ಕ ಮಾಡಿಸಿ, ಆಮೇಲೆ ಬೀಜ ಎಲ್ಲಿದೆ ಎಂದು ಕೇಳಿ. ಹಂಪಿಯ ಕೋತಿಗಳು ಬಾಳೆಹಣ್ಣಿನ ಚೀಲವನ್ನು ಗುರುತಿಟ್ಟು ಹಿಂಬಾಲಿಸುವುದನ್ನು ಕಂಡ ಮಕ್ಕಳಿಗೆ ಹಿಡಿದಿಟ್ಟುಕೊಳ್ಳುವ ನೆನಪು ಎಂದರೇನೆಂದು ಬೇಗ ಹೊಳೆಯುತ್ತದೆ. ನಂತರ ಬೆಕಿ, ಲೂಸಿ ಇಬ್ಬರ ಕಥೆಯನ್ನೂ ಹೇಳಿ, ಎರಡೇ ಪ್ರಾಣಿಗಳಿಂದ ಎಷ್ಟು ತೀರ್ಮಾನಿಸಬಹುದು ಎಂದು ಕೇಳಿ. ನನಗೆ ಈ ಪ್ರಶ್ನೆ ಪಾಠ ವೀಕ್ಷಣಾ ನಮೂನೆ ತುಂಬುವಾಗಲೂ ಎದುರಾಗುತ್ತದೆ: ಮಕ್ಕಳು ಸದ್ದಿಲ್ಲದೆ ಕೂತಿದ್ದರೆ ತರಗತಿ ಚೆನ್ನಾಗಿತ್ತೆಂದು ಬರೆಯುವ ಮುನ್ನ ಅವರು ಕಲಿತದ್ದೇನು ಎಂದು ನೋಡಬೇಕಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ತರಗತಿಯಲ್ಲಿ ಮನೋರೋಗಿಯೊಬ್ಬರಿರುವ ಮನೆಯ ಮಗು ಇರಬಹುದು. ಹುಚ್ಚು ಎಂಬ ಮಾತನ್ನು ಆಸ್ಪತ್ರೆಯ ಹಳೆಯ ಹೆಸರು ಹೇಳುವಲ್ಲಿಗೆ ನಿಲ್ಲಿಸಿ. ಚಿಕಿತ್ಸೆ ಹತ್ತಿರದ ಸರಕಾರಿ ಆಸ್ಪತ್ರೆಯಿಂದಲೇ ಶುರುವಾಗಬಹುದೆಂಬ ಮಾಹಿತಿಯನ್ನು ಪಾಠ ಮುಗಿಯುವ ಮುನ್ನ ಕೊಡಿ.