ಫ್ರಿಟ್ಸ್ ಹೇಬರನ ದೇಶನಿಷ್ಠೆ

ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಪ್ರಸಿದ್ಧ ಪುರುಷರ ಚರಿತ್ರೆಯನ್ನು ಬರೆಯುವಾಗ ಅನುಕರಣೆಗೆ ಯೋಗ್ಯವಾದವುಗಳನ್ನೇ ಆರಿಸಿಕೊಳ್ಳುವುದು ವಾಡಿಕೆ. ಈ ಸಾರಿ ನಾವು ಆರಿಸಿಕೊಂಡಿರುವ ಜೀವಿತವು ಅನುಕರಣೆಗೆ ಯೋಗ್ಯವಾದುದೋ ಎಚ್ಚರಿಕೆಗೆ ಯೋಗ್ಯವಾದುದೋ ಎಂಬುದನ್ನು ವಾಚಕರೇ ನಿರ್ಣಯಿಸಬೇಕು.

ಫ್ರಿಟ್ಸ್ ಹೇಬರನು 1868ನೆಯ ಇಸವಿ ಡಿಸೆಂಬರ್ 9ರಂದು ಪ್ರಷ್ಯ ರಾಜ್ಯದ ಬ್ರೆಸ್ಲೌ ಪಟ್ಟಣದ ಒಂದು ಯೆಹೂದ್ಯ ಮನೆತನದಲ್ಲಿ ಜನಿಸಿದನು. ಆ ಪಟ್ಟಣವು ಈಗ ಪೋಲೆಂಡಿಗೆ ಸೇರಿದೆ. ಆತನು ಹುಟ್ಟಿದ ಕೆಲವು ವಾರಗಳಲ್ಲಿಯೇ ತಾಯಿಯು ತೀರಿಕೊಂಡಳು. ತಂದೆಯು ಬಣ್ಣಗಳ ವ್ಯಾಪಾರಿಯಾಗಿದ್ದನು. ಆ ಕಾಲದ ಜರ್ಮನಿಯಲ್ಲಿ ಯೆಹೂದ್ಯರಿಗೆ ಕಾನೂನಿನ ಪ್ರಕಾರ ಸಮಾನತೆಯಿದ್ದರೂ ವಿಶ್ವವಿದ್ಯಾನಿಲಯದ ಪೀಠಗಳೂ ಸೈನ್ಯದ ಅಧಿಕಾರಗಳೂ ಅವರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಹೇಬರನು ಒಂದು ವರುಷ ಸೈನ್ಯದಲ್ಲಿ ಸೇವೆಮಾಡಿದರೂ ಮೀಸಲು ಪಡೆಯ ಅಧಿಕಾರಿಯಾಗುವ ಆಶೆಯು ಕೈಗೂಡಲಿಲ್ಲ. 1892ರಲ್ಲಿ ಆತನು ದೀಕ್ಷಾಸ್ನಾನವನ್ನು ಹೊಂದಿ ಪ್ರೊಟೆಸ್ಟಂಟ್ ಸಭೆಗೆ ಸೇರಿದನು. ಅದರಲ್ಲಿ ವಿಶ್ವಾಸವೆಷ್ಟು, ಪೂರ್ಣ ಜರ್ಮನನೆಂದು ಎಣಿಸಲ್ಪಡಬೇಕೆಂಬ ಹಂಬಲವೆಷ್ಟು ಎಂದು ತೂಗುವುದು ನಮ್ಮ ಕೆಲಸವಲ್ಲ. ಆ ಹಂಬಲವು ಮಾತ್ರ ಕಡೆಯವರೆಗೂ ಆತನನ್ನು ಬಿಡಲಿಲ್ಲ.

ಗಾಳಿಯಲ್ಲಿ ಸಾರಜನಕವು ಯಥೇಚ್ಛವಾಗಿದ್ದರೂ ಪೈರುಗಳು ಅದನ್ನು ನೇರವಾಗಿ ಹೀರಿಕೊಳ್ಳಲಾರವು. ಯೂರೋಪಿನ ಹೊಲಗಳು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಹಡಗಿನಲ್ಲಿ ಬರುವ ಉಪ್ಪನ್ನು ನಂಬಿಕೊಂಡಿದ್ದವು. 1909ರಲ್ಲಿ ಹೇಬರನು ಕಾರ್ಲ್ಸ್‌ರೂಹೆಯ ಪ್ರಯೋಗಶಾಲೆಯಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ, ಬಹಳ ಒತ್ತಡ ಮತ್ತು ಶಾಖದಲ್ಲಿ ಅಮೋನಿಯವನ್ನು ಉಂಟುಮಾಡಿ ತೋರಿಸಿದನು. ಕಾರ್ಲ್ ಬಾಷ್ ಎಂಬ ಎಂಜಿನಿಯರನು ಅದನ್ನು ದೊಡ್ಡ ಪ್ರಮಾಣಕ್ಕೆ ಏರಿಸಲಾಗಿ, 1913ರಲ್ಲಿ ಒಪ್ಪೌ ಎಂಬಲ್ಲಿ ಕಾರ್ಖಾನೆಯು ನಡೆಯತೊಡಗಿತು. ನಮ್ಮ ನಾಡಿನ ಗದ್ದೆಗಳಿಗೆ ಬೀಳುವ ಯೂರಿಯ ಗೊಬ್ಬರಕ್ಕೂ ಇದೇ ವಿಧಾನವು ಮೂಲವಾಗಿದೆ. ಇಷ್ಟಕ್ಕೇ ಆತನ ಚರಿತ್ರೆಯು ನಿಂತಿದ್ದರೆ, ಹಸಿದವರಿಗೆ ಅನ್ನವಿತ್ತ ಪುಣ್ಯವಂತನೆಂದು ಹೇಳಿ ನಾವೂ ಲೇಖನಿಯನ್ನು ಕೆಳಗಿಡುತ್ತಿದ್ದೆವು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಇಂಗ್ಲಿಷರ ನೌಕಾಪಡೆಯು ಸಮುದ್ರಮಾರ್ಗವನ್ನು ಕಟ್ಟಿದುದರಿಂದ ಚಿಲಿಯ ಉಪ್ಪು ಬರುವುದು ನಿಂತಿತು. ಆಗ ಗೊಬ್ಬರಕ್ಕಾಗಿ ಹುಟ್ಟಿದ ಅಮೋನಿಯವೇ ಸಿಡಿಮದ್ದಿಗೆ ಆಧಾರವಾಯಿತು. ಅದೇ ಅಕ್ಟೋಬರಿನಲ್ಲಿ ಜರ್ಮನಿಯ ಯುದ್ಧನೀತಿಯನ್ನು ಸಮರ್ಥಿಸಿ 93 ಮಂದಿ ವಿದ್ವಾಂಸರು ಹೊರಡಿಸಿದ ಪ್ರಕಟನೆಗೆ ಹೇಬರನೂ ಸಹಿಮಾಡಿದನು. ಬರ್ಲಿನಿನಲ್ಲಿ ಆತನ ಸ್ನೇಹಿತನಾಗಿದ್ದ ಐನ್‌ಸ್ಟೈನನು ಯುದ್ಧವನ್ನು ವಿರೋಧಿಸಿದನು. ಹೇಬರನಾದರೋ ಶಾಂತಿಕಾಲದಲ್ಲಿ ವಿಜ್ಞಾನಿಯು ಲೋಕಕ್ಕೆ ಸೇರಿದವನು, ಯುದ್ಧಕಾಲದಲ್ಲಿ ಸ್ವದೇಶಕ್ಕೆ ಸೇರಿದವನು ಎಂದು ನಂಬಿದ್ದನು. ವಿಷವನ್ನು ಯುದ್ಧದಲ್ಲಿ ಬಳಸಕೂಡದೆಂದು ಹೇಗ್ ನಗರದಲ್ಲಿ ರಾಷ್ಟ್ರಗಳು ಮಾಡಿಕೊಂಡಿದ್ದ ಒಪ್ಪಂದವಿದ್ದರೂ ಆತನು ಕ್ಲೋರೀನ್ ವಾಯುವನ್ನು ಆಯುಧವಾಗಿ ಸಿದ್ಧಪಡಿಸಿದನು. 1915ನೆಯ ಏಪ್ರಿಲ್ 22ರ ಸಾಯಂಕಾಲ ಬೆಲ್ಜಿಯಮ್ ದೇಶದ ಈಪ್ರ್ ಪಟ್ಟಣದ ಬಳಿಯಲ್ಲಿ ಸಾವಿರಾರು ಸಿಲಿಂಡರುಗಳಿಂದ 150 ಟನ್ನುಗಳಿಗೂ ಮಿಕ್ಕ ವಾಯುವು ಫ್ರೆಂಚ್ ಪಡೆಗಳ ಕಂದಕಗಳ ಮೇಲೆ ಬಿಡಲ್ಪಟ್ಟಿತು. ಉಸಿರುಕಟ್ಟಿ ಸತ್ತವರು ಎಷ್ಟೋ ಮಂದಿ. ನಾಲ್ಕು ದಿನಗಳ ತರುವಾಯ ಅದೇ ರಣರಂಗದಲ್ಲಿ ಲಾಹೋರ್ ಡಿವಿಜನ್ನಿನ ಭಾರತೀಯ ಸಿಪಾಯಿಗಳೂ ಆ ವಾಯುವಿಗೆ ಸಿಕ್ಕಿದರು. ಹೇಬರನಿಗೆ ಹಿಂದೆ ದೊರೆಯದಿದ್ದ ಅಧಿಕಾರವು ಈಗ ದೊರೆಯಿತು. ಆತನು ಕ್ಯಾಪ್ಟನ್ ಆದನು.

ಆತನ ಪತ್ನಿಯಾದ ಕ್ಲಾರಾ ಇಮ್ಮರ್‌ವಾರಳ ವಿಷಯವನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ತಿಳಿದಿರಬೇಕು. ಬ್ರೆಸ್ಲೌ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀಯು ಆಕೆಯೇ. ಅದು 1900ನೆಯ ಇಸವಿಯಲ್ಲಿ. ಮರುವರ್ಷ ಮದುವೆಯಾದ ಮೇಲೆ ಆಕೆಯ ರಸಾಯನಶಾಸ್ತ್ರವು ಗಂಡನ ಕೀರ್ತಿಯ ನೆರಳಿನಲ್ಲಿ ಅಡಗಿಹೋಯಿತು. 1915ನೆಯ ಮೇ 2ರಂದು ಆಕೆಯು ಗಂಡನ ಪಿಸ್ತೂಲಿನಿಂದ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ವಿಷವಾಯುವಿನ ಕೆಲಸವು ಆಕೆಗೆ ಅಸಹ್ಯವಾಗಿತ್ತೆಂದು ಹೇಳುವವರುಂಟು. ಸಂಸಾರದ ದುಃಖಗಳೂ ಇದ್ದುವು. ಹನ್ನೆರಡು ವರುಷದ ಮಗನನ್ನು ಮನೆಯಲ್ಲಿ ಬಿಟ್ಟು ಹೇಬರನು ಕೂಡಲೇ ಪೂರ್ವದ ರಣರಂಗಕ್ಕೆ ಹೊರಟುಹೋದನು.

ಜರ್ಮನಿಯು ಸೋತಿತು. 1918ರ ನೊಬೆಲ್ ಬಹುಮಾನವು ಅಮೋನಿಯಕ್ಕಾಗಿ ಹೇಬರನಿಗೆ ಸಲ್ಲಲು, ಶತ್ರುಪಕ್ಷದ ಅನೇಕ ವಿಜ್ಞಾನಿಗಳು ಆಕ್ಷೇಪಿಸಿದರು. ದೇಶದ ಮೇಲೆ ಬಿದ್ದ ಯುದ್ಧದಂಡವನ್ನು ತೀರಿಸುವುದಕ್ಕಾಗಿ ಆತನು ಸಮುದ್ರದ ನೀರಿನಿಂದ ಬಂಗಾರವನ್ನು ತೆಗೆಯಲು ವರ್ಷಗಟ್ಟಲೆ ಶ್ರಮಿಸಿದನು. ನೀರಿನಲ್ಲಿದ್ದ ಬಂಗಾರವು ಎಣಿಸಿದ್ದಕ್ಕಿಂತ ಎಷ್ಟೋ ಕಡಿಮೆಯಾಗಿದ್ದುದರಿಂದ ಆ ಶ್ರಮವು ವ್ಯರ್ಥವಾಯಿತು.

1933ರಲ್ಲಿ ಹಿಟ್ಲರನ ಸರಕಾರವು ಯೆಹೂದ್ಯ ಮೂಲದವರನ್ನು ಸರಕಾರಿ ಕೆಲಸಗಳಿಂದ ತೆಗೆದುಹಾಕುವ ಕಾನೂನನ್ನು ಮಾಡಿತು. ದೀಕ್ಷಾಸ್ನಾನವು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಯುದ್ಧಸೇವೆಯ ದೆಸೆಯಿಂದ ಹೇಬರನು ತಾನೊಬ್ಬನು ಉಳಿಯಬಹುದಾಗಿತ್ತು. ಆದರೆ ತನ್ನ ಸಂಸ್ಥೆಯ ಯೆಹೂದ್ಯ ಸಹೋದ್ಯೋಗಿಗಳನ್ನು ತನ್ನ ಕೈಯಿಂದಲೇ ಹೊರಗೆ ಹಾಕಬೇಕಾಗಿತ್ತು. ಜೊತೆಗಾರರನ್ನು ತಾನು ಯಾವಾಗಲೂ ಬುದ್ಧಿ ಮತ್ತು ಶೀಲಗಳನ್ನು ನೋಡಿ ಆರಿಸಿದವನು, ಅವರ ಅಜ್ಜಿಯರು ಯಾರೆಂದು ನೋಡಿದವನಲ್ಲ ಎಂದು ಬರೆದು ಆತನು ರಾಜೀನಾಮೆಯನ್ನು ಕೊಟ್ಟನು. ಸರಕಾರದ ಅಪ್ಪಣೆಗೆ ಆತನು ಒಲ್ಲೆನೆಂದುದು ಆಗಲೇ. ದೇಶವನ್ನು ಬಿಟ್ಟು, ಕೆಲವು ಕಾಲ ಕೇಂಬ್ರಿಜಿನಲ್ಲಿದ್ದು, 1934ನೆಯ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಹೃದ್ರೋಗದಿಂದ ಮೃತನಾದನು. ಕ್ಲಾರಳ ಅಸ್ಥಿಯನ್ನೂ ತರಿಸಿ ಅಲ್ಲಿಯೇ ಆತನ ಬಳಿ ಇರಿಸಿದರು.

ಮರುವರ್ಷ ಅದೇ ದಿನ ಮ್ಯಾಕ್ಸ್ ಪ್ಲಾಂಕನು ಬರ್ಲಿನಿನಲ್ಲಿ ಒಂದು ಸ್ಮರಣಸಭೆಯನ್ನು ಕೂಡಿಸಿದನು. ಪ್ರೊಫೆಸರರು ಹೋಗಕೂಡದೆಂದು ಸರಕಾರವು ಕಟ್ಟಪ್ಪಣೆ ಮಾಡಿತ್ತು. ಆದುದರಿಂದ ಎಷ್ಟೋ ಪ್ರೊಫೆಸರರ ಬದಲಾಗಿ ಅವರ ಪತ್ನಿಯರು ಬಂದು ಕುಳಿತುಕೊಂಡರು. ಹೇಬರನ ಸಂಸ್ಥೆಯಲ್ಲಿ ಕೀಟಗಳನ್ನು ಕೊಲ್ಲುವುದಕ್ಕಾಗಿ ನಡೆದ ಸಂಶೋಧನೆಯಿಂದ ಬೆಳೆದುಬಂದ ಸೈಕ್ಲಾನ್ ಬಿ ಎಂಬ ವಿಷವನ್ನು ಅದೇ ಸರಕಾರವು ಮುಂದೆ ಮರಣಶಿಬಿರಗಳಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಿತು. ಹತರಾದವರಲ್ಲಿ ಆತನ ಬಂಧುಗಳೂ ಇದ್ದರು.

ಆತನ ಕೈಕೆಳಗೆ ವಿಷವಾಯುವಿನ ಕೆಲಸವನ್ನು ಮಾಡಿದ್ದ ಜೇಮ್ಸ್ ಫ್ರಾಂಕನು ಅಮೆರಿಕಕ್ಕೆ ಹೋಗಿ ಅಣುಬಾಂಬಿನ ಕಾರ್ಯದಲ್ಲಿ ಸೇರಿದನು. 1945ನೆಯ ಜೂನಿನಲ್ಲಿ, ಮುನ್ನೆಚ್ಚರಿಕೆಯಿಲ್ಲದೆ ಆ ಬಾಂಬನ್ನು ಜಪಾನಿನ ಮೇಲೆ ಹಾಕಬಾರದೆಂದು ಸರಕಾರಕ್ಕೆ ವರದಿಯನ್ನೊಪ್ಪಿಸಿದ ವಿಜ್ಞಾನಿಗಳಿಗೆ ಆತನೇ ಅಧ್ಯಕ್ಷನು. ಆ ಮಾತನ್ನು ಸರಕಾರವು ಕೇಳಲಿಲ್ಲ. ಆದರೂ ಹೇಳಬೇಕಾದುದನ್ನು ಹೇಳಬೇಕಾದ ಸಮಯದಲ್ಲಿ ಹೇಳಿದವರಿದ್ದರು.

ತಂದೆತಾಯಿಗಳೇ, ನಿಮ್ಮ ಹೆಣ್ಣುಮಕ್ಕಳು ರಸಾಯನಶಾಸ್ತ್ರವನ್ನು ಕಲಿಯಲೆಂದೂ ದೇಶವನ್ನು ಪ್ರೀತಿಸಲೆಂದೂ ನಾವು ಮನಸಾರೆ ಬಯಸುತ್ತೇವೆ. ಆ ದೇಶವೇ ಕೇಳಿದರೂ ಕೊಡಲಾಗದ ವಸ್ತುವೊಂದು ತಮ್ಮಲ್ಲಿದೆಯೆಂಬುದನ್ನೂ ಅವರು ಚಿಕ್ಕಂದಿನಲ್ಲಿಯೇ ಅರಿತುಕೊಳ್ಳಲಿ. ಹೇಬರನು ಅದನ್ನು ಅರಿತಾಗ ಆತನಿಗೆ ಅರುವತ್ತನಾಲ್ಕು ವರುಷಗಳಾಗಿದ್ದವು.